ಫ್ರೀಜರಿನಲ್ಲಿಟ್ಟ ಭಾಷಣ

ಗೆಟಿಸ್‌ಬರ್ಗ್‌ನಲ್ಲಿ ಲಿಂಕನ್ ಮಾಡಿದ ಭಾಷಣದ ಮೂಲ ಕೈಬರಹದ ಪ್ರತಿಗಳು ಎಲ್ಲೆಲ್ಲಿವೆ ಎಂದು ಕಾರ್ವರ್ಸ್‌ಬೆಂಡ್ ಊರಿನ ಯಾವ ಶಾಲಾಮಗುವನ್ನು ಕೇಳಿದರೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಎರಡು ವಾಷಿಂಗ್ಟನ್ನಿನ ದೊಡ್ಡ ಗ್ರಂಥಾಲಯದಲ್ಲಿ, ಒಂದು ಅಧ್ಯಕ್ಷರ ಮನೆಯಲ್ಲಿ, ಒಂದು ಇಥಾಕಾದ ವಿಶ್ವವಿದ್ಯಾಲಯದಲ್ಲಿ, ಇನ್ನೊಂದು ನಮ್ಮದೇ ಇಲಿನಾಯ್ ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡಿನಲ್ಲಿ. ಒಟ್ಟು ಐದು. ಇಷ್ಟಕ್ಕೆ ಮಗು ನಿಲ್ಲಿಸುವುದಿಲ್ಲ. ಉಳಿದ ನೂರಾ ಇಪ್ಪತ್ತೊಂದು ನಮ್ಮೂರ ಲೈಬ್ರರಿಯ ನೆಲಮಾಳಿಗೆಯಲ್ಲಿವೆ ಎಂದು ಸೇರಿಸುತ್ತದೆ.

ಇದನ್ನು ಸುಳ್ಳು ಎನ್ನುವ ಹಾಗಿಲ್ಲ. ಮೇ ತಿಂಗಳ ಕೊನೆಯ ಸೋಮವಾರ, ಮಡಿದ ಸೈನಿಕರನ್ನು ನೆನೆಯುವ ದಿನ, ಊರಿನ ಸ್ಮಶಾನದಲ್ಲಿ ಯಾರಾದರೊಬ್ಬರು ಆ ಭಾಷಣವನ್ನು ಓದಬೇಕು. ಅಚ್ಚಾದ ಪುಸ್ತಕ ನೋಡಿ ಓದುವಂತಿಲ್ಲ. ತನ್ನ ಕೈಯಾರೆ ಬರೆದುಕೊಂಡು ಬಂದು, ಅದನ್ನೇ ನೋಡಿ ಓದಿ, ಕೆಳಗೆ ಸಹಿ ಮಾಡಿ, ಹಾಳೆಯನ್ನು ಲೈಬ್ರರಿಗೆ ಒಪ್ಪಿಸಬೇಕು. ಮೊದಲನೆಯ ಹಾಳೆಯನ್ನು ಬರೆದವನು ಬಲಗೈಯನ್ನು ಯುದ್ಧಭೂಮಿಯಲ್ಲೇ ಬಿಟ್ಟುಬಂದ ಸೈನಿಕ. ಎಡಗೈಯಲ್ಲಿ ಬರೆಯಲು ಅವನಿಗೆ ಹನ್ನೊಂದು ದಿನ ಹಿಡಿಯಿತಂತೆ. ಹೊರಗಿನವರು ಇವನ್ನು ನಕಲು ಎನ್ನಬಹುದು. ಆದರೆ ಊರಿನ ಗಡಿ ದಾಟುವವರೆಗೆ ಆ ಮಾತನ್ನು ಬಾಯಲ್ಲೇ ಇಟ್ಟುಕೊಳ್ಳುವುದು ಅವರಿಗೆ ಕ್ಷೇಮ.

ಈ ಹಾಳೆಗಳ ಪಾಲಕ ವೆಂಡೆಲ್ ಹಾಫರ್. ಶಾಲಾ ಬಸ್ಸುಗಳ ಮೆಕ್ಯಾನಿಕ್. ಆರು ವರ್ಷಗಳ ಹಿಂದೆ ಲೈಬ್ರರಿ ಸಮಿತಿಯ ಸಭೆಯಲ್ಲಿ ಪಾಲಕರಾಗಲು ಯಾರು ಸಿದ್ಧ ಎಂದು ಕೇಳಿದಾಗ ಅವನೊಬ್ಬನೇ ಕೈ ಎತ್ತಿದ್ದ. ವಾಸ್ತವದಲ್ಲಿ ಅವನು ಕಿವಿ ಕೆರೆದುಕೊಳ್ಳುತ್ತಿದ್ದ. ಆದರೆ ಎಲ್ಲರೂ ಚಪ್ಪಾಳೆ ತಟ್ಟಿಬಿಟ್ಟ ಮೇಲೆ ಇಲ್ಲವೆನ್ನುವುದು ಒರಟುತನ. ಒಪ್ಪಿಕೊಂಡ ಮೇಲೆ ಅರೆಬರೆ ಮಾಡುವ ಜಾಯಮಾನ ಅವನದಲ್ಲ. ಹಳೆಯ ಕಾಗದಗಳ ಆರೈಕೆ ಕುರಿತು ಆರು ವಾರದ ಸಂಜೆ ತರಗತಿಗೆ ಹೋಗಿ ಬಂದ. ಅಂದಿನಿಂದ ಲೈಬ್ರರಿಗೆ ಕಾಲಿಡುವ ಮೊದಲು ಜೇಬಿನ ಪೆನ್ನನ್ನು ಹೊರಗಿನ ಹೂಕುಂಡದಲ್ಲಿ ಸಿಕ್ಕಿಸಿ ಬರುತ್ತಾನೆ. ಹಳೆಯ ಹಾಳೆಗಳ ಹತ್ತಿರ ಶಾಯಿ ಸುಳಿಯಬಾರದು, ಪೆನ್ಸಿಲ್ ಮಾತ್ರ ಎಂದು ಟೀಚರು ಹೇಳಿದ್ದರು. ಆಮೇಲೆ 'ಪ್ರತಿಗಳ ಪಾಲಕ' ಎಂದು ನೂರು ಕಾರ್ಡು ಅಚ್ಚು ಹಾಕಿಸಿದ. ಹಂಚಲು ನಾಚಿಕೆಯಾಗಿ ತೊಂಬತ್ತೇಳು ಹಾಗೇ ಉಳಿದಿವೆ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಹೋಟೆಲಿನ ಕೌಂಟರಿನಲ್ಲಿ ಕಾಫಿ ಕುಡಿಯುತ್ತ, ಜೀವನದಲ್ಲಿ ಒಂದೇ ಒಂದು ಸಲ ಅವನು ಜಂಬ ಕೊಚ್ಚಿಕೊಂಡ. ವಾಷಿಂಗ್ಟನ್ನಿನಲ್ಲಿ ಎರಡು ಹಾಳೆ ಕಾಯಲು ಅಷ್ಟೊಂದು ಜನ ಬೇಕು, ಇಲ್ಲಿ ನೂರಾ ಇಪ್ಪತ್ತೊಂದನ್ನು ನಾನೊಬ್ಬನೇ ನೋಡಿಕೊಳ್ಳುತ್ತಿದ್ದೇನೆ ಎಂದ. ಅವನ ಹೆಂಡತಿಯ ಅಣ್ಣ ಡೆಲ್ಮರ್ ಪಕ್ಕದಲ್ಲೇ ಕುಳಿತಿದ್ದವನು ಹುಬ್ಬೇರಿಸಿದ. ಹತ್ತು ದಿನ ಕಳೆಯುವಷ್ಟರಲ್ಲಿ ಲೈಬ್ರರಿಯ ನೆಲಮಾಳಿಗೆಯಲ್ಲಿ ನೀರಿನ ಪೈಪು ಒಡೆಯಿತು.

ಮೊದಲು ಓಡಿ ಬಂದವರು ನಾಲ್ವರು. ಎದುರಿನ ಚರ್ಚಿನಿಂದ ಪಾಸ್ಟರ್ ಲಿಂಡ್‌ಗ್ರೆನ್, ಅಂಚೆ ಕಚೇರಿಯಿಂದ ಗ್ಲೆನ್ನಾ, ಗಸ್ತು ತಿರುಗುತ್ತಿದ್ದ ಪೊಲೀಸಿನ ರಾಯ್ಸ್, ಮತ್ತು ಲಿಯೋಟಾ ಕೆಟ್ನರ್. ಲಿಯೋಟಾ ಶಾಲೆಯ ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ತಡವಾಗಿ ಬಂದ ವೆಂಡೆಲ್‌ಗೆ ಎಷ್ಟೋ ಸಲ ಚೀಟಿ ಬರೆದುಕೊಟ್ಟವರು. ನಾಲ್ವರೂ ಸಾಲಾಗಿ ನಿಂತು ಬಕೆಟ್ಟಿನಿಂದ ಬಕೆಟ್ಟಿಗೆ ನೀರು ಸಾಗಿಸಿದರು. ಅರವತ್ತೆಂಟರ ಲಿಯೋಟಾ ಮೊಣಕಾಲುದ್ದ ನೀರಿನಲ್ಲಿ ನಿಂತವರು ಕದಲಲಿಲ್ಲ. ಯಾಕೆಂದು ಊರಿನ ಹಳಬರಿಗೆಲ್ಲ ಗೊತ್ತು, ಯಾರೂ ಕೇಳಲಿಲ್ಲ. ಅವರ ಅಣ್ಣ ವರ್ಲಿನ್ ಹದಿನೆಂಟನೇ ವಯಸ್ಸಿನಲ್ಲಿ, ಸಾವಿರದ ಒಂಬೈನೂರ ಅರವತ್ತಾರರಲ್ಲಿ ಆ ಭಾಷಣ ಓದಿದ್ದ. ಎರಡು ವರ್ಷಗಳ ನಂತರ ವಿಯೆಟ್ನಾಮಿನಿಂದ ಹಿಂತಿರುಗಲಿಲ್ಲ. ಆಮೇಲೆ ಮನೆಗೆ ಬೆಂಕಿ ಬಿದ್ದು ಅವನ ಕಾಗದಗಳೆಲ್ಲ ಹೋದವು. ಅವನ ಕೈಬರಹ ಭೂಮಿಯ ಮೇಲೆ ಉಳಿದಿರುವುದು ಆ ಒಂದು ಹಾಳೆಯಲ್ಲಿ. ಪ್ರತಿ ವರ್ಷ ಲಿಯೋಟಾ ಬಂದು ಅದನ್ನು ನೋಡಿ ಹೋಗುತ್ತಾರೆ.

ಮೇಲಿನ ಡ್ರಾಯರುಗಳು ಒಣಗಿಯೇ ಇದ್ದವು. ಕೆಳಗಿನದು ಮಾತ್ರ ನೆನೆದಿತ್ತು. ಅದರಲ್ಲಿ ಮೂವತ್ತು ಹಾಳೆಗಳು. ಅರವತ್ತಾರರದ್ದೂ ಅದರಲ್ಲೇ.

ವೆಂಡೆಲ್ ಸ್ಪ್ರಿಂಗ್‌ಫೀಲ್ಡಿಗೆ ಫೋನು ಮಾಡಿದ. ಅಲ್ಲೊಬ್ಬ ಹೆಂಗಸು ಹಳೆಯ ಕಾಗದಗಳಿಗೆ ಚಿಕಿತ್ಸೆ ಮಾಡುತ್ತಾಳೆ. ಆಕೆ ಅತ್ಯಂತ ಶಾಂತವಾಗಿ, ಒದ್ದೆ ಹಾಳೆಗಳನ್ನು ಬಿಡಿಸಲು ಹೋಗಬೇಡಿ, ಮಾಂಸ ಸುತ್ತುವ ಬಿಳಿ ಮೇಣದ ಕಾಗದದಲ್ಲಿ ಹಾಗೇ ಸುತ್ತಿ ಫ್ರೀಜರಿನಲ್ಲಿಡಿ ಎಂದಳು. ಹೆಪ್ಪುಗಟ್ಟಿದರೆ ಬೂಷ್ಟು ಹಿಡಿಯುವುದಿಲ್ಲ, ಶಾಯಿ ಹರಿಯುವುದಿಲ್ಲ. ನನಗೆ ಸಮಯವಾದಾಗ ಕರೆಯುತ್ತೇನೆ, ಕರಗಲು ಬಿಡದೆ ತನ್ನಿ. ಒಮ್ಮೆ ಕರಗಿದರೆ ಆಮೇಲೆ ನನ್ನಿಂದಾಗದು.

ವೆಂಡೆಲ್ ಹೇಳಿದ್ದನ್ನೆಲ್ಲ ಅಕ್ಷರಶಃ ಮಾಡಿದ. ಗ್ಯಾರೇಜಿನ ದೊಡ್ಡ ಫ್ರೀಜರಿನಲ್ಲಿ ಕಟ್ಟನ್ನು ಇಟ್ಟ. ಮೇಲೆ ಏನಾದರೂ ಬರೆಯಬೇಕಲ್ಲ. ಊರಿನಲ್ಲಿ ಯಾರಾದರೂ ಆಗಿದ್ದರೆ ದಪ್ಪ ಮಾರ್ಕರಿನಲ್ಲಿ ಎರಡು ಪದ ಗೀಚಿ ಮುಗಿಸುತ್ತಿದ್ದರು. ಆದರೆ ಅವನು ಸಂಜೆ ತರಗತಿಗೆ ಹೋದವನು, ಶಾಯಿಗೆ ಹೆದರಿದವನು. ಬೇರೆ ಚೀಟಿಯ ಮೇಲೆ ಪೆನ್ಸಿಲಿನಲ್ಲಿ, ಇದು ಏನು, ಯಾಕೆ ಮುಟ್ಟಬಾರದು, ಮುಟ್ಟಲೇಬೇಕಾದರೆ ಹೇಗೆ ಮುಟ್ಟಬೇಕು ಎಂದು ಹನ್ನೊಂದು ಸಾಲು ಬರೆದು ಅಂಟಿಸಿದ. ಹಿಮಕ್ಕೆ ಗೋಂದು ಹಿಡಿಯದು ಎಂಬುದು ಆ ತರಗತಿಯ ಪಾಠದಲ್ಲಿ ಇರಲಿಲ್ಲ.

ಆ ಫ್ರೀಜರಿನ ಉಳಿದ ಭಾಗದಲ್ಲೆಲ್ಲ ಜಿಂಕೆ ಮಾಂಸ. ಡೆಲ್ಮರ್ ಪ್ರತಿ ನವೆಂಬರಿನಲ್ಲಿ ಬೇಟೆಯಾಡಿ, ತಾನೇ ಕತ್ತರಿಸಿ, ಅದೇ ಬಿಳಿ ಕಾಗದದಲ್ಲಿ ಸುತ್ತಿ, ಊರಿಗೆಲ್ಲ ಕೊಡುತ್ತಾನೆ. ಅವನೂ ಮೇಲೆ ಏನೂ ಬರೆಯುವುದಿಲ್ಲ. ಮಾಂಸವನ್ನು ಕೈಯಲ್ಲಿ ಹಿಡಿದ ತಕ್ಷಣ ಯಾವ ಭಾಗವೆಂದು ತಿಳಿಯದವನಿಗೆ ತಿನ್ನುವ ಹಕ್ಕಿಲ್ಲ ಎಂಬುದು ಅವನ ಸಿದ್ಧಾಂತ.

ಉಪಕಾರ ಪಡೆದು ವಾರದೊಳಗೆ ಏನನ್ನಾದರೂ ಕೊಡದಿದ್ದರೆ ವೆಂಡೆಲ್‌ಗೆ ಅನ್ನ ಸೇರುವುದಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತ ನಾಲ್ವರಿಗೆ ಏನು ಕೊಡೋಣ ಎಂದು ಹೆಂಡತಿ ಮಾರ್ಲಿಸ್‌ಳನ್ನು ಕೇಳಿದ. ಅವಳು ಬಟ್ಟೆ ಮಡಚುತ್ತಲೇ, "ನಮ್ಮಣ್ಣ ಕೊಟ್ಟಿರೋ ಜಿಂಕೆ ಅಷ್ಟೊಂದು ಬಿದ್ದಿದೆಯಲ್ಲ, ಕೊಟ್ಟು ಪುಣ್ಯ ಕಟ್ಕೋ" ಎಂದಳು. ವೆಂಡೆಲ್ ನಾಲ್ಕು ಕಟ್ಟುಗಳನ್ನು ತೆಗೆದ. ಕೃತಜ್ಞತೆ ಎದ್ದು ಕಾಣಲೆಂದು ಆಯ್ದಾಯ್ದು, ಚೆನ್ನಾಗಿ ಚಪ್ಪಟೆಯಾಗಿ, ಮೂಲೆ ಮುಕ್ಕಾಗದೆ ಇದ್ದವನ್ನೇ ತೆಗೆದ. ನಾಲ್ಕು ಮನೆಗೂ ತಾನೇ ಹೋಗಿ ಕೊಟ್ಟು, ಬಾಗಿಲಲ್ಲಿ ನಿಂತು ಎರಡೆರಡು ಸಲ ಥ್ಯಾಂಕ್ಸ್ ಹೇಳಿ ಬಂದ.

ಮೂರೇ ದಿನದಲ್ಲಿ ನಾಲ್ಕು ಮನೆಯಿಂದಲೂ ಅಂಚೆಯಲ್ಲಿ ಥ್ಯಾಂಕ್ಸ್ ಕಾರ್ಡು ಬಂತು. ಮೂರು ಬೀದಿಯಾಚೆಗಿನ ಮನೆಗಳೇ ಆದರೂ ಕಾರ್ಡು ಅಂಚೆಯಲ್ಲೇ ಬರಬೇಕು, ಅದು ಅಲ್ಲಿನ ಕ್ರಮ. ಬಹಳ ರುಚಿಯಾಗಿತ್ತು ಎಂದು ನಾಲ್ವರೂ ಬರೆದಿದ್ದರು.

ಮುಂದಿನ ಸೋಮವಾರ ಸ್ಪ್ರಿಂಗ್‌ಫೀಲ್ಡಿನ ಹೆಂಗಸು ಫೋನು ಮಾಡಿದಳು. ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ತನ್ನಿ. ಅದು ತಪ್ಪಿದರೆ ಮತ್ತೆ ಸೆಪ್ಟೆಂಬರ್ ಎಂದಳು.

ವೆಂಡೆಲ್ ಗ್ಯಾರೇಜಿಗೆ ಹೋದ. ಫ್ರೀಜರಿನ ತಳದಲ್ಲಿ ಹನ್ನೊಂದು ಸಾಲಿನ ಚೀಟಿ ಒಂಟಿಯಾಗಿ ಬಿದ್ದಿತ್ತು. ಒಂದು ಕಟ್ಟು ಬಿಚ್ಚಿದ, ಪಕ್ಕೆಲುಬು. ಇನ್ನೊಂದು, ತೊಡೆ. ಮಾರ್ಲಿಸ್ ಬಂದು ನೋಡಿದಾಗ ಗ್ಯಾರೇಜಿನ ಮೇಜಿನ ಮೇಲೆ ಒಂದು ಇಡೀ ಜಿಂಕೆ ಬಿಡಿಬಿಡಿಯಾಗಿ ಹರಡಿತ್ತು, ಗಂಡ ಅದರ ಮುಂದೆ ತಲೆಯ ಮೇಲೆ ಕೈಹೊತ್ತು ನಿಂತಿದ್ದ. ಕಾಗದ ಎಲ್ಲಿಯೂ ಇರಲಿಲ್ಲ.

"ಕೊಟ್ಟುಬಿಟ್ಟಿದೀಯ" ಎಂದಳು.

"ಯಾರಿಗೆ?"

"ನನ್ನ ಕೇಳ್ತೀಯಲ್ಲ. ನಾಲ್ಕೂ ಮನೆಯವರು ರುಚಿಯಾಗಿತ್ತು ಅಂತ ಬರೆದಿದ್ದಾರೆ. ಒಬ್ಬರು ಕಾಗದ ತಿಂದಿದ್ದಾರೆ."

ನೇರವಾಗಿ ಕೇಳಿದರೆ ಪಾಲಕನೇ ಪ್ರತಿಗಳನ್ನು ಕಳೆದ ಸುದ್ದಿ ಊರು ತುಂಬುತ್ತದೆ. ಆದ್ದರಿಂದ ವೆಂಡೆಲ್ ಸುತ್ತುದಾರಿ ಹಿಡಿದ. ಮಂಗಳವಾರ ಚರ್ಚಿಗೆ ಹೋಗಿ, ಆ ಮಾಂಸವನ್ನು ಹೇಗೆ ಬೇಯಿಸಿದಿರಿ ಎಂದು ಪಾಸ್ಟರನ್ನು ವಿಚಾರಿಸಿದ. ಪಾಸ್ಟರ್ ಕ್ಷಣಕಾಲ ಸೂರು ನೋಡಿ, ಈರುಳ್ಳಿ ಹಾಕಿ ನಿಧಾನವಾಗಿ ಎಂದರು. ಎಷ್ಟು ಹೊತ್ತು ಎಂದು ಕೇಳಿದ್ದಕ್ಕೆ, ಬಹಳ ಹೊತ್ತು ಎಂದರು. ಗ್ಲೆನ್ನಾ ಬಾರ್ಲಿ ಜೊತೆ ಸೂಪು ಮಾಡಿದೆನೆಂದು, ಕೇಳದಿದ್ದರೂ ಕ್ಯಾರೆಟ್ಟಿನ ಲೆಕ್ಕವನ್ನೂ ಕೊಟ್ಟಳು. ಪೊಲೀಸಿನ ರಾಯ್ಸ್ ಜೀಪಿನ ಕಿಟಕಿ ಇಳಿಸಿ, "ಏನ್ ಹೇಳ್ಲಿ ವೆಂಡೆಲ್, ಬಾಯಿಗಿಟ್ರೆ ಕರಗಿಹೋಯ್ತು" ಎಂದ.

ಜಿಂಕೆ ಮಾಂಸ ಬಾಯಿಗಿಟ್ಟರೆ ಕರಗುವುದಿಲ್ಲ. ನೆನೆದ ಕಾಗದ ಕರಗುತ್ತದೆ. ವೆಂಡೆಲ್ ಜೀಪಿನ ಬಾಗಿಲು ಹಿಡಿದುಕೊಂಡೇ, ಗಂಟಲಿಗೆ ಏನೂ ಸಿಕ್ಕಿಕೊಳ್ಳಲಿಲ್ಲವೇ ಎಂದ. ಇಲ್ಲವಲ್ಲ ಎಂದ ರಾಯ್ಸ್. ಹೊಟ್ಟೆ ಹೇಗಿದೆ ಎಂದ ವೆಂಡೆಲ್. ರಾಯ್ಸ್ ಅಂದು ಸಂಜೆ ಮಾರ್ಲಿಸ್‌ಗೆ ಫೋನು ಮಾಡಿ, ನಿಮ್ಮ ಯಜಮಾನರಿಗೆ ಇತ್ತೀಚೆಗೆ ನಿದ್ದೆ ಸರಿಯಾಗಿ ಆಗುತ್ತಿದೆಯೇ ಎಂದು ಕೇಳಿದನಂತೆ.

ಲಿಯೋಟಾ ಅವರ ಮನೆಗೆ ಮಾತ್ರ ಹೋಗಲು ಕಾಲು ಬರಲಿಲ್ಲ. ಅವರು ತಮ್ಮ ಅಣ್ಣನ ಹಾಳೆಯನ್ನು ತಿಳಿಯದೆ ಬೇಯಿಸಿದ್ದರೆ ಎಂಬ ಯೋಚನೆ ಬಂದಾಗಲೆಲ್ಲ ಅವನು ಬಸ್ಸಿನ ಅಡಿಗೆ ಹೋಗಿ ಮಲಗಿಬಿಡುತ್ತಿದ್ದ. ಗುರುವಾರ ಬೆಳಿಗ್ಗೆ ಮಾರ್ಲಿಸ್ ಅವನ ಕೋಟನ್ನು ತಂದು ಕೈಗಿಟ್ಟಳು. "ಹೋಗು. ಊರಿಗೆಲ್ಲ ಆಮೇಲೆ ಹೇಳ್ಕೊಳ್ಳೋಣ. ಅವರಿಗೆ ಮೊದಲು ಹೇಳಬೇಕು."

ಲಿಯೋಟಾ ಬಾಗಿಲು ತೆರೆದಾಗ ವೆಂಡೆಲ್ ಪಾಠ ಮಾಡಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋದವು. ಟೋಪಿ ತೆಗೆದು ಎದೆಗವುಚಿಕೊಂಡ. "ಮಿಸೆಸ್ ಕೆಟ್ನರ್, ವರ್ಲಿನ್ ಹಾಳೆ ನಾನು ಕಳೆದುಬಿಟ್ಟೆ. ಜಿಂಕೆ ಅಂತ ಯಾರಿಗೋ ಕೊಟ್ಟುಬಿಟ್ಟೆ. ನಿಮಗೇ ಕೊಟ್ಟಿದ್ರೂ ಕೊಟ್ಟಿರಬಹುದು. ನೀವು... ನೀವು ಅದನ್ನ ತಿಂದ್ರಾ?"

ಲಿಯೋಟಾ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಮುಖದ ಬಣ್ಣ ಇಳಿಯಿತು. ಆಮೇಲೆ, ಯಾಕೋ, ಏರಿತು.

"ನಾನು ನಿನಗೆ ರುಚಿಯಾಗಿತ್ತು ಅಂತ ಕಾರ್ಡು ಬರೆದೆ."

"ಹೌದು."

"ಬಿಚ್ಚಿ ಕೂಡ ನೋಡಿಲ್ಲ, ವೆಂಡೆಲ್. ನನಗೆ ಜಿಂಕೆ ಸೇರೋದಿಲ್ಲ. ಅವತ್ತೇ ಮಧ್ಯಾಹ್ನ ಪಾಸ್ಟರಿಗೆ ಕೊಟ್ಟುಬಂದೆ." ಕೋಟು ಹಾಕಿಕೊಳ್ಳುತ್ತಲೇ ಮಾತು ಮುಗಿಸಿದರು. "ನಡಿ. ನಿನ್ನ ಗಾಡಿ ತೆಗಿ."

ಚರ್ಚಿನ ಬಾಗಿಲಲ್ಲಿ ಲಿಯೋಟಾ ಪೀಠಿಕೆ ಹಾಕಲಿಲ್ಲ. ನಮ್ಮಣ್ಣ ವರ್ಲಿನ್ ಬರೆದ ಹಾಳೆ ಇವನು ಕೊಟ್ಟ ಕಟ್ಟುಗಳಲ್ಲಿ ಒಂದರಲ್ಲಿದೆ, ನಾನು ನಿಮಗೆ ಕೊಟ್ಟದ್ದು ಎಲ್ಲಿ ಎಂದರು. ಹನ್ನೆರಡು ವರ್ಷಗಳಿಂದ ಅವರಿಗೆ ಪಾಸ್ಟರಾಗಿದ್ದವರು ನಿಮಗೆ ಅಣ್ಣನಿದ್ದನೇ ಎಂದು ಕೇಳಿದರು. ಇದ್ದ ಎಂದರು ಲಿಯೋಟಾ. ಪಾಸ್ಟರ್ ತಲೆ ತಗ್ಗಿಸಿದರು. ತಮಗೆ ಮಂಡಿನೋವು, ಡಾಕ್ಟರು ಕೆಂಪು ಮಾಂಸ ಬಿಡಿಸಿದ್ದಾರೆ, ಈರುಳ್ಳಿಯ ಮಾತು ಸುಳ್ಳು, ಅದಕ್ಕಾಗಿ ದೇವರಲ್ಲಿ ಆಗಲೇ ಬೇಡಿಕೊಂಡಿದ್ದೇನೆ ಎಂದರು. ನಿಮ್ಮದನ್ನೂ ನನ್ನದನ್ನೂ ಸೇರಿಸಿ ಎರಡನ್ನೂ ಗ್ಲೆನ್ನಾಗೆ ಕೊಟ್ಟೆ. ನಾನೂ ಬರುತ್ತೇನೆ ಎಂದು ಜೊತೆಗೆ ಹೊರಟರು.

ಅಂಚೆ ಕಚೇರಿಯಲ್ಲಿ ಗ್ಲೆನ್ನಾ ಮೂವರನ್ನೂ ನೋಡಿದವಳೇ ಕೌಂಟರಿನ ಮೇಲೆ 'ಈಗ ಬಂದೆ' ಎಂಬ ಫಲಕ ಇಟ್ಟಳು. ಸೂಪಾಗಲಿ ಬಾರ್ಲಿಯಾಗಲಿ ಇರಲಿಲ್ಲ. ಕ್ಯಾರೆಟ್ಟು ಮಾತ್ರ ಇತ್ತು, ಅದನ್ನು ಹಾಗೇ ತಿಂದಿದ್ದಳು. ಅವಳ ನಾಯಿಯೂ ಜಿಂಕೆ ಮಾಂಸ ಕಂಡರೆ ಎದ್ದುಹೋಗುತ್ತಿತ್ತು. ಮೂರು ಕಟ್ಟನ್ನೂ ರಾಯ್ಸ್‌ಗೆ ಕೊಟ್ಟಿದ್ದಳು. ಅದನ್ನು ಹೇಳಿ ಮುಗಿಸಿದ ಮೇಲೂ ಲಿಯೋಟಾ ಅವರ ಮುಖ ನೋಡುತ್ತಲೇ ನಿಂತಳು.

"ವರ್ಲಿನ್ ನನಗೆ ಸೈಕಲ್ ಕಲಿಸಿದ್ದು ನಿನಗೆ ಗೊತ್ತಾ? ನಿಮ್ಮನೆ ಹಿಂದಿನ ಇಳಿಜಾರಿನಲ್ಲಿ. ಹಿಡ್ಕೊಂಡಿದೀನಿ ಅಂತ ಹೇಳಿ ಕೈ ಬಿಟ್ಟುಬಿಟ್ಟಿದ್ದ."

"ನನಗೂ ಹಾಗೇ ಮಾಡಿದ್ದ" ಎಂದರು ಲಿಯೋಟಾ.

ರಾಯ್ಸ್ ಠಾಣೆಯ ಹೊರಗೆ ಜೀಪು ತೊಳೆಯುತ್ತಿದ್ದ. ಪಾಸ್ಟರು, ಪೋಸ್ಟ್ ಮಾಸ್ಟರು, ಪಾಲಕ, ನಿವೃತ್ತ ಗುಮಾಸ್ತೆ ಒಟ್ಟಾಗಿ ತನ್ನ ಕಡೆಗೆ ನಡೆದುಬರುವುದನ್ನು ಕಂಡು ಕೈಯಲ್ಲಿದ್ದ ಪೈಪನ್ನು ತಾನಾಗಿಯೇ ಕೆಳಗಿಟ್ಟ. ಬಾಯಿಗಿಟ್ಟರೆ ಕರಗಿತು ಅಂದೆಯಲ್ಲ, ಏನು ಕರಗಿತು ಎಂದು ವೆಂಡೆಲ್ ಕೇಳಿದ. ಪೊಲೀಸಿನವನಿಗೆ ತಪ್ಪೊಪ್ಪಿಗೆ ಕೇಳಿ ಅಭ್ಯಾಸ, ಕೊಟ್ಟು ಅಭ್ಯಾಸವಿಲ್ಲ. ಬಹಳ ತೊದಲಿದ. ಅವನ ಮನೆಯಲ್ಲಿ ಎರಡು ಫ್ರೀಜರು ತುಂಬ ಜಿಂಕೆಯೇ ಇತ್ತು. ನಾಲ್ಕು ಕಟ್ಟುಗಳನ್ನು ಇಡಲು ಜಾಗವಿಲ್ಲದೆ, ತನ್ನ ದೋಣಿ ರಿಪೇರಿ ಮಾಡಿಕೊಟ್ಟ ಉಪಕಾರಕ್ಕೆಂದು ಒಬ್ಬರಿಗೆ ಕೊಟ್ಟುಬಿಟ್ಟಿದ್ದ.

"ಯಾರಿಗೆ?"

ರಾಯ್ಸ್ ಒದ್ದೆ ನೆಲ ನೋಡಿದ. "ಡೆಲ್ಮರ್‌ಗೆ."

ಡೆಲ್ಮರ್ ಹೊಡೆದ ಜಿಂಕೆಯನ್ನು ಡೆಲ್ಮರ್‌ಗೇ ಕೊಟ್ಟಿದ್ದಾನೆ. ಊರಿನಲ್ಲಿ ಅದನ್ನು ನಿಜವಾಗಿ ಬೇಯಿಸಿ ತಿನ್ನುವವನು ಯಾರಾದರೂ ಇದ್ದರೆ ಅವನೊಬ್ಬನೇ. ಗುರುವಾರ ಅವನು ಹಿತ್ತಲಲ್ಲಿ ಮಾಂಸಕ್ಕೆ ಹೊಗೆ ಹಿಡಿಸಿ ಬೇಯಿಸುವ ದಿನ.

ಎರಡು ಗಾಡಿ, ಒಂದು ಪೊಲೀಸ್ ಜೀಪು ಡೆಲ್ಮರನ ಅಂಗಳಕ್ಕೆ ನುಗ್ಗಿದಾಗ ಹಿತ್ತಲಿನಿಂದ ಹೊಗೆ ಏಳುತ್ತಿತ್ತು. ವೆಂಡೆಲ್ ಓಡಿದ. ಐವತ್ತೆಂಟು ವರ್ಷದಲ್ಲಿ ಅವನು ಓಡಿದ್ದನ್ನು ಕಂಡವರಿಲ್ಲ. ಡೆಲ್ಮರ್ ಹೊಗೆಯ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದ. ವೆಂಡೆಲ್ ಮುಚ್ಚಳ ಎತ್ತಿದ. ಒಳಗಿದ್ದದ್ದು ಎರಡು ಕೋಳಿ.

ಆಮೇಲೆ ಡೆಲ್ಮರ್‌ಗೆ ಎಲ್ಲವನ್ನೂ ಹೇಳಲೇಬೇಕಾಯಿತು. ಎಲ್ಲವನ್ನೂ ಎಂದರೆ, ಇಪ್ಪತ್ತೆರಡು ವರ್ಷಗಳಿಂದ ಅವನು ಕೊಟ್ಟದ್ದನ್ನು ಈ ನಾಲ್ವರಲ್ಲಿ ಯಾರೂ ಬಾಯಿಗಿಟ್ಟಿಲ್ಲ ಎಂಬುದನ್ನೂ. ಪಾಸ್ಟರ್ ಶುರು ಮಾಡಿ ನಡುವೆ ನಿಂತರು. ಗ್ಲೆನ್ನಾ ಮುಂದುವರಿಸಿ ನಾಯಿಯ ಮಾತು ಬಂದಾಗ ನಾಲಿಗೆ ಕಚ್ಚಿಕೊಂಡಳು. ಕೊನೆಗೆ ಲಿಯೋಟಾ ಹೇಳಿದರು.

"ಡೆಲ್ಮರ್, ನಿನ್ನ ಜಿಂಕೆ ನಮಗ್ಯಾರಿಗೂ ಸೇರೋದಿಲ್ಲ. ಕ್ಷಮಿಸು. ಆದರೆ ಆ ನಾಲ್ಕು ಕಟ್ಟಿನಲ್ಲಿ ನಮ್ಮಣ್ಣ ಇದ್ದಾನೆ. ಕೊಡು."

ಡೆಲ್ಮರ್ ಎಲ್ಲರನ್ನೂ ಒಂದು ಸುತ್ತು ನೋಡಿದ. ಕೋಳಿಯನ್ನು ತಿರುಗಿಸಿಹಾಕಿದ. ಮುಚ್ಚಳ ಮುಚ್ಚಿದ.

"ನನಗೇ ಸೇರೋದಿಲ್ಲ" ಎಂದ. "ಬೇಟೆ ಇಷ್ಟ. ತಿನ್ನೋಕೆ ಏನಿದೆ ಅದರಲ್ಲಿ? ನಿಮಗೆಲ್ಲ ಅಷ್ಟು ಇಷ್ಟ ಅಂತ ಕಾರ್ಡು ಬರೀತೀರಲ್ಲ, ಪಾಪ ಅಂತ ವರ್ಷ ವರ್ಷ ಹೋಗಿ ಹೊಡ್ಕೊಂಡು ಬರ್ತಿದ್ದೆ. ಚಳಿ ಎಷ್ಟಿರುತ್ತೆ ಗೊತ್ತಾ ಅಲ್ಲಿ?"

ನಾಲ್ಕು ಕಟ್ಟೂ ಅವನ ಫ್ರೀಜರಿನಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿ ಕುಳಿತಿದ್ದವು. ಐದು ಮನೆ ಸುತ್ತಿದರೂ ಒಬ್ಬರೂ ಬಿಚ್ಚಿರಲಿಲ್ಲ. ಒಂದು ಗಳಿಗೆಯೂ ಕರಗಿರಲಿಲ್ಲ. ಭಾನುವಾರ ಅವನ್ನು ತಂಗಿಯ ಮನೆಗೆ, ಅಂದರೆ ವೆಂಡೆಲ್‌ಗೇ ಕೊಡಬೇಕೆಂದು ಡೆಲ್ಮರ್ ಎತ್ತಿಟ್ಟಿದ್ದನಂತೆ.

ಯಾವುದು ಕಾಗದ, ಯಾವುದು ಮಾಂಸ? ಬಿಚ್ಚುವಂತಿಲ್ಲ. ಪಾಸ್ಟರ್ ತಟ್ಟಿ ನೋಡಿದರು. ರಾಯ್ಸ್ ಮೂಸಿ ನೋಡಿದ. ಡೆಲ್ಮರ್ ಅವರನ್ನು ಸರಿಸಿ, ಒಂದೊಂದನ್ನೇ ಅಂಗೈ ಮೇಲೆ ಇಟ್ಟುಕೊಂಡ. ಭುಜ. ತೊಡೆ. ಮೂರನೆಯದು ಬಂದಾಗ ತಡೆದ. ಎರಡು ಕೈಯಲ್ಲೂ ಹಿಡಿದ. "ಇದು ನನ್ನ ಜಿಂಕೆ ಅಲ್ಲ" ಎಂದು ಲಿಯೋಟಾ ಅವರ ಕೈಗಿಟ್ಟ.

ಅವರು ಅದನ್ನು ಎದೆಗೊತ್ತಿಕೊಂಡು ನಿಂತರು. ಬೆರಳು ಕೆಂಪಾದವು. ತೆಗೆದುಕೊಳ್ಳಲೇ ಎಂದು ಯಾರೂ ಕೇಳಲಿಲ್ಲ.

"ಅವತ್ತು ನಾನೂ ಇದ್ದೆ, ಸ್ಮಶಾನದಲ್ಲಿ" ಎಂದ ಡೆಲ್ಮರ್. ಲಿಯೋಟಾ ಅವರನ್ನು ನೋಡದೆ ಹೊಗೆಯ ಪೆಟ್ಟಿಗೆಯ ಜೊತೆ ಮಾತಾಡುವವನಂತೆ ಹೇಳಿದ. "ನನಗೆ ಆರೋ ಏಳೋ. ವರ್ಲಿನ್ ಹಾಳೆಯ ಎರಡೂ ಕಡೆ ಬರೆದಿದ್ದ. ಒಂದು ಕಡೆ ಓದಿ ಮುಗಿಸ್ದ, ಗೌರವದಿಂದ ತಲೆ ಬಗ್ಗಿಸ್ದ, ಹೋಗಿ ಕೂತುಬಿಟ್ಟ. ಭಾಷಣ ಆದ್ಮೇಲೆ ತುತ್ತೂರಿ ಊದಬೇಕಾದೋನು ಅದನ್ನ ಬಾಯಿಗಿಟ್ಕೊಂಡು ಊದೋದೋ ಬೇಡ್ವೋ ಅಂತ ನಿಂತಿದ್ದ. ನಿಮ್ಮಪ್ಪ ಜೋರಾಗಿ, ತಿರುವೋ ಹಾಳೇನ ಅಂದ್ರು. ಇಡೀ ಸ್ಮಶಾನ ನಕ್ಕಿತು. ವಿಧವೆಯರೂ ನಕ್ಕರು. ಅಷ್ಟು ಚೆನ್ನಾಗಿ ಆ ದಿನ ಮತ್ಯಾವತ್ತೂ ಆಗಿಲ್ಲ ನಮ್ಮೂರಲ್ಲಿ."

ಲಿಯೋಟಾ ನಕ್ಕರು. ಮೊದಲು ಸಣ್ಣಗೆ, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು. ಒರೆಸಿಕೊಳ್ಳಲು ಅವರ ಕೈ ಬಿಡುವಿಲ್ಲದೆ ಗ್ಲೆನ್ನಾ ಒರೆಸಬೇಕಾಯಿತು. ಅಂದು ಆರೂ ಜನ ಆ ಅಂಗಳದಲ್ಲೇ ಕುಳಿತು ಎರಡು ಕೋಳಿಯನ್ನೂ ಮುಗಿಸಿದರು. ರುಚಿಯಾಗಿದೆ ಎಂದು ಪಾಸ್ಟರ್ ಹೇಳಿದಾಗ ಡೆಲ್ಮರ್ ಅವರನ್ನು ಬಹಳ ಹೊತ್ತು ದಿಟ್ಟಿಸಿ ನೋಡಿದ.

ಶುಕ್ರವಾರ ವೆಂಡೆಲ್ ಕಟ್ಟನ್ನು ಐಸು ತುಂಬಿದ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ, ಗಾಡಿಯ ಏಸಿಯನ್ನು ಕೊನೆಯ ಗುರುತಿನವರೆಗೆ ತಿರುಗಿಸಿ ಸ್ಪ್ರಿಂಗ್‌ಫೀಲ್ಡಿಗೆ ಹೊರಟ. ಲಿಯೋಟಾ ನಾನೂ ಬರುತ್ತೇನೆಂದು ಜನವರಿಯ ಕೋಟು, ಉಣ್ಣೆಯ ಟೋಪಿ, ಕೈಗವಸು ತೊಟ್ಟು ಪಕ್ಕದಲ್ಲಿ ಕುಳಿತರು. ಪೆಟ್ಟಿಗೆ ಅವರ ತೊಡೆಯ ಮೇಲಿತ್ತು. ಹೊರಗೆ ಮೇ ತಿಂಗಳ ಬಿಸಿಲು. ಜೋಳದ ಹೊಲದಲ್ಲಿ ಅಂಗಿ ತೆಗೆದು ಕೆಲಸ ಮಾಡುತ್ತಿದ್ದವರು ಇವರನ್ನು ನೋಡಿ ಟ್ರ್ಯಾಕ್ಟರ್ ನಿಲ್ಲಿಸಿದರು.

ಹಲ್ಲು ಕಟಕಟಿಸುತ್ತ ವೆಂಡೆಲ್, ಲಿಂಕನ್ ಕೂಡ ಒಂದು ಪ್ರತಿಯನ್ನು ಹಾಳೆಯ ಎರಡೂ ಕಡೆ ಬರೆದುಬಿಟ್ಟಿದ್ದ ಎಂದು ಹೇಳಿದ. ಅಚ್ಚಿಗೆ ಉಪಯೋಗಕ್ಕೆ ಬರದೆ ಆಮೇಲೆ ಮತ್ತೊಂದನ್ನು ಬರೆದುಕೊಡಬೇಕಾಯಿತು. ಇಥಾಕಾದಲ್ಲಿರುವುದು ಆ ಮೊದಲನೆಯದೇ. ವರ್ಲಿನ್ ಒಬ್ಬನೇ ಅಲ್ಲ. ಲಿಯೋಟಾ ಅದನ್ನು ಕೇಳಿ ತಲೆಯಾಡಿಸಿ, ಪೆಟ್ಟಿಗೆಯ ಮೇಲೆ ಕೈಯಿಟ್ಟರು. ಆಮೇಲೆ ಅವನು ತಾನು ಮಾಡಿದ್ದಕ್ಕೆ ಕ್ಷಮೆ ಕೇಳಲು ಶುರುಮಾಡಿದ. ಊರು ಬಿಟ್ಟ ಮೇಲೆ ಅದು ಒಂಬತ್ತನೇ ಸಲ.

"ವೆಂಡೆಲ್, ಸಾಕು. ಇಲ್ಲಿ ಕೇಳು. ಐವತ್ತು ವರ್ಷದಿಂದ ಈ ಊರಿನಲ್ಲಿ ನನ್ನ ಮುಂದೆ ಯಾರೂ ವರ್ಲಿನ್ ಹೆಸರೆತ್ತಿಲ್ಲ. ನನಗೆ ನೋವಾಗುತ್ತೆ ಅಂತ. ಎಲ್ಲರೂ ಅಷ್ಟು ಒಳ್ಳೆಯವರು. ನಾನೂ ಎತ್ತಿಲ್ಲ, ಅವರಿಗೆ ಮುಜುಗರ ಆಗುತ್ತೆ ಅಂತ. ನಿನ್ನೆ ನಾಲ್ಕು ಬಾಗಿಲಲ್ಲಿ ನಿಂತು ನಮ್ಮಣ್ಣ ವರ್ಲಿನ್ ಅಂತ ಬಾಯಿ ಬಿಟ್ಟು ಹೇಳಿದೆ. ನಾಲ್ಕು ಬಾಗಿಲು. ನೀನು ಹಾಳೆ ಕಳೆಯದೇ ಇದ್ದಿದ್ರೆ ನಾನು ಹೇಳ್ತಿದ್ನಾ?"

ವೆಂಡೆಲ್ ರಸ್ತೆ ನೋಡುತ್ತಲೇ ಇದ್ದ. ಸಂಜೆ ತರಗತಿಯಲ್ಲಿ ಇದಕ್ಕೆ ಪಾಠವಿರಲಿಲ್ಲ. ಕೊನೆಗೆ, ನಿಮಗೆ ಚಳಿಯಾಗುತ್ತಿದ್ದರೆ ಏಸಿ ಒಂದು ಚೂರು ಇಳಿಸಲೇ ಎಂದ.

"ಮುಟ್ಟಬೇಡ" ಎಂದರು ಲಿಯೋಟಾ. ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡರು. "ಅವನಿಗೆ ಚಳಿ ಅಂದ್ರೆ ಆಗ್ತಿರಲಿಲ್ಲ. ಮಂಚದಿಂದ ಎಬ್ಬಿಸೋಕೆ ಅಮ್ಮನಿಗೆ ಅರ್ಧ ಗಂಟೆ ಬೇಕಿತ್ತು. ಒಂದ್ಸಲ ಏನಾಯ್ತು ಗೊತ್ತಾ..."

ಸ್ಪ್ರಿಂಗ್‌ಫೀಲ್ಡಿಗೆ ಇನ್ನೂ ಎಪ್ಪತ್ತು ಮೈಲಿ ಇತ್ತು. ವೆಂಡೆಲ್ ಗಾಡಿಯ ವೇಗ ಸ್ವಲ್ಪ ತಗ್ಗಿಸಿದ.